ಖಾಸಿಂಬಿಯ ಮೊಳೆಹಲಗೆ

ಖಾಸಿಂಬಿಗೆ ಸಿಟ್ಟು ಬರುತ್ತಿತ್ತು ಎಂದು ಹೇಳಿದರೆ ತಪ್ಪಾಗುತ್ತದೆ. ಬರಬೇಕಾದದ್ದು ಮೊದಲು ಎಲ್ಲಿಗಾದರೂ ಹೋಗಿರಬೇಕಷ್ಟೆ, ಆಕೆಯ ಸಿಟ್ಟು ಆಕೆಯನ್ನು ಬಿಟ್ಟು ಹೋದದ್ದನ್ನು ನವಲಗುಂದದಲ್ಲಿ ಕಂಡವರಿಲ್ಲ. ಬೆಳಗಿನ ಚಹಾ ಕುಡಿಯುವಾಗಲೂ ಅದು ಹುಬ್ಬುಗಳ ನಡುವೆ ಇರುತ್ತಿತ್ತು, ನಮಾಜು ಮುಗಿಸಿ ಏಳುವಾಗಲೂ ಇರುತ್ತಿತ್ತು, ನಗುವಾಗಲಂತೂ ತುಸು ಹೆಚ್ಚೇ ಇರುತ್ತಿತ್ತು. ಹಿಮ್ಮಡಿಯನ್ನು ನೆಲಕ್ಕೆ ಗುದ್ದಿ ಗುದ್ದಿ ನಡೆಯುವ ಆಕೆಯ ಹೆಜ್ಜೆಯ ಸಪ್ಪಳ ಜಮಖಾನಿ ನೇಯುವವರ ಓಣಿಯ ಆ ತುದಿಯಲ್ಲಿ ಕೇಳಿಸಿತೆಂದರೆ, ಈ ತುದಿಯ ಮನೆಗಳಲ್ಲಿ ನಿಂತ ಮಗ್ಗದ ಮುಂದೆ ಕೂತು ಹರಟುತ್ತಿದ್ದ ಹೆಂಗಸರು ಮಾತನ್ನು ಅರ್ಧಕ್ಕೇ ನುಂಗಿ, ಎಳೆ ಬಡಿಯುವ ಕಬ್ಬಿಣದ ಹಣಿಗೆಯನ್ನು ಕೈಗೆತ್ತಿಕೊಳ್ಳುತ್ತಿದ್ದರು. ಐವತ್ತು ದಾಟಿದ, ಕುಳ್ಳಗಿನ, ಗಟ್ಟಿ ಎಲುಬಿನ ಆ ಹೆಂಗಸು ಬೇಸಿಗೆ ಮಳೆಗಾಲವೆನ್ನದೆ ಸೀರೆಯ ಮೇಲೊಂದು ಖಾಕಿ ಕೋಟು ತೊಡುತ್ತಿದ್ದಳು. ಅದು ಆಕೆಯ ಗಂಡ ಬುಡನಸಾಬ ಹತ್ತಿಯ ಜಿನ್ನಿಂಗ್ ಗಿರಣಿಯಲ್ಲಿ ಕಾವಲಿಗಿದ್ದಾಗ ಸಿಕ್ಕ ಕೋಟು. ಅವನಿಗೇ ಅದು ದೊಡ್ಡದಾಗಿತ್ತು, ಆಕೆಗೆ ಮೊಣಕಾಲು ಮುಟ್ಟುತ್ತಿತ್ತು. ಆದರೆ ಆಕೆಗೆ ಬೇಕಾಗಿದ್ದದ್ದು ಕೋಟಲ್ಲ, ಅದರ ಆಳವಾದ ಕಿಸೆಗಳು. ಒಂದರಲ್ಲಿ ಮೊಳೆಗಳು, ಇನ್ನೊಂದರಲ್ಲಿ ಬಣ್ಣಬಣ್ಣದ ನೂಲಿನ ಉಂಡೆಗಳು, ಒಳಗಿನದರಲ್ಲಿ ಕತ್ತರಿ. ಮೊಳೆಯ ಚೂಪಿಗೆ ಕಿಸೆಯ ಅರಿವೆ ಹರಿಯುವುದು, ಬುಡನಸಾಬ ಮಾತಿಲ್ಲದೆ ಅದಕ್ಕೆ ತೇಪೆ ಹಚ್ಚುವುದು ಆ ಮನೆಯ ಸಂಸಾರದ ಮುಖ್ಯ ವ್ಯವಹಾರವಾಗಿತ್ತು.

ಯಾರು ಏನೇ ಹೇಳಲಿ, ಖಾಸಿಂಬಿಯದು ಒಂದೇ ಮಾತು: "ಬಾಯಿಲೆ ಬ್ಯಾಡ, ಕೈಲೆ ತೋರ್ಸು." ಸಂತೆಯಲ್ಲಿ ಬದನೆಕಾಯಿಗೆ ಹುಳ ಬಿದ್ದಿಲ್ಲವೆಂದವನಿಗೂ ಅದೇ, ಹಾಲಿಗೆ ನೀರು ಬೆರೆಸಿಲ್ಲವೆಂದವಳಿಗೂ ಅದೇ. ಮಗಳನ್ನು ಕೇಳಲು ಮೊರಬದಿಂದ ಬಂದ ಬೀಗರು ತಮ್ಮ ಮನೆಯಲ್ಲಿ ಎರಡು ಎಮ್ಮೆ ಇವೆಯೆಂದು ಹೇಳಿದಾಗ, ಅವರಿಗಿಟ್ಟ ಚಹಾ ಆರುವ ಮೊದಲೇ ಬಸ್ಸು ಹತ್ತಿ ಮೊರಬಕ್ಕೆ ಹೋಗಿ ಎಮ್ಮೆಗಳನ್ನು ಎಣಿಸಿ ಬಂದವಳು ಆಕೆ. ಎರಡೇ ಇದ್ದವು, ಮದುವೆಯಾಯಿತು. ಊರ ಪೋಕರಿಗಳು ಆಕೆಯ ಬೆನ್ನ ಹಿಂದೆ ಈ ಮಾತನ್ನು ಅಣಕಿಸಿ ನಗುತ್ತಿದ್ದರು. ಎದುರಿಗೆ ನಗುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಈ ಮಾತು ಆಕೆಗೆ ಎಲ್ಲಿಂದ ಬಂತೆಂಬುದನ್ನು ತಿಳಿದವರು ನಗುವುದಿಲ್ಲ. ಖಾಸಿಂಬಿಗೆ ಓದು ಬರಹ ಬಾರದು. ಓಣಿಯ ಹನ್ನೆರಡು ಮಗ್ಗಗಳೂ ಜಮಖಾನಿ ಸಂಘದವು; ನೂಲು ಸಂಘದ್ದು, ಕೂಲಿ ನೇಯುವವರದು, ಲೆಕ್ಕ ಮಾತ್ರ ಗುಮಾಸ್ತನದು. ಎಂಬತ್ತನೆಯ ಇಸವಿಯ ಸುಮಾರಿಗೆ ಒಮ್ಮೆ, ಆಗಿದ್ದ ಗುಮಾಸ್ತ ಖಾತೆಯ ಪುಟ ತಿರುವಿ, ಆ ವರ್ಷ ಆಕೆ ನೇಯ್ದದ್ದು ಇಪ್ಪತ್ತಾರು ಜಮಖಾನಿ ಎಂದು ಓದಿದ. ಆಕೆ ನೇಯ್ದದ್ದು ಮೂವತ್ತೊಂದು. ಪ್ರತಿಯೊಂದರ ಅಂಚಿನ ನವಿಲು, ಪ್ರತಿಯೊಂದರ ನಡುವಿನ ಪಗಡೆಯ ಮನೆ ಆಕೆಯ ಬೆರಳಿಗೆ ನೆನಪಿತ್ತು. ಆದರೆ ಬೆರಳ ನೆನಪಿಗೆ ಸಾಕ್ಷಿ ಯಾರು? "ಬರದದ್ದು ಸುಳ್ಳಾಗತೈತೇನಬೇ?" ಎಂದು ಅವನು ಕೇಳಿದ. ಎಂಥ ಪ್ರಶ್ನೆ ನೋಡಿ! ಬರೆಯಬಲ್ಲವರು ಬರೆಯಲಾರದವರನ್ನು ಸಾವಿರಾರು ವರ್ಷಗಳಿಂದ ಕೇಳಿಕೊಂಡು ಬಂದ ಪ್ರಶ್ನೆ ಅದು. ಖಾಸಿಂಬಿ ಮನೆಗೆ ಹೋಗಿ ಹಿತ್ತಲ ಬಾಗಿಲನ್ನು ಕಿತ್ತಳು. ಬಾಗಿಲಿದ್ದ ಜಾಗಕ್ಕೆ ಗೋಣಿತಾಟು ಇಳಿಬಿಟ್ಟು, ಆ ಹಲಗೆಯನ್ನು ಹೊತ್ತು ತಂದು ಸಂಘದ ಗೋಡೆಗೆ ಅಡ್ಡಲಾಗಿ ಬಡಿದಳು. ತಡೆಯಲು ಬಂದವರು ಆಕೆಯ ಕೈಯಲ್ಲಿದ್ದ ಸುತ್ತಿಗೆಯನ್ನು ಕಂಡು ಹಿಂದೆ ಸರಿದರಂತೆ.

ಆ ಹಲಗೆಯನ್ನು ನೋಡಿದವರಿಗೆ ಮೊದಲು ಅದೊಂದು ಹುಚ್ಚಿಯ ಕೆಲಸವೆನಿಸುತ್ತಿತ್ತು. ಮೇಲಿಂದ ಕೆಳಕ್ಕೆ ಹನ್ನೆರಡು ಸಾಲು, ಮಗ್ಗಕ್ಕೊಂದು. ಪ್ರತಿ ಸಾಲಿನಲ್ಲಿ ನಲವತ್ತು ಮೊಳೆ, ದಿನಕ್ಕೊಂದು. ನಲವತ್ತೇ ಯಾಕೆಂದರೆ ಹಲಗೆಯ ಉದ್ದಕ್ಕೆ ಹಿಡಿದದ್ದು ಅಷ್ಟೇ. ಮುಗಿದರೆ ಮತ್ತೆ ಮೊದಲ ಮೊಳೆಯಿಂದ. ಹೊಸ ಕೆಲಸವೊಂದು ಬಂದಾಗ ಆಕೆ ಆ ಮಗ್ಗದ ಸಾಲಿನಲ್ಲಿ ನೂಲು ಎಳೆಯುತ್ತಿದ್ದಳು: ಮಗ್ಗಕ್ಕೆ ಹಾಸಿನ ಎಳೆ ಏರಿಸುವ ದಿನಗಳಿಗೆ ಬಿಳಿ, ನೇಯುವ ದಿನಗಳಿಗೆ ಕೆಂಪು, ಕೊನೆಗೆ ಕುಚ್ಚು ಕಟ್ಟುವ ದಿನಕ್ಕೆ ಹಳದಿ. ಸಂಜೆ ಓಣಿಯ ಒಂದೊಂದೇ ಮನೆ ಹೊಕ್ಕು, ಮಗ್ಗದ ಮೇಲೆ ಎಷ್ಟು ಗೇಣು ಬೆಳೆದಿದೆಯೆಂದು ಕೈಯಿಂದ ಅಳೆದು, ಬಂದು ಅಷ್ಟು ಮೊಳೆಗಳಿಗೆ ಕಪ್ಪು ನೂಲು ಸುತ್ತುತ್ತಿದ್ದಳು. ಮೇಲಿನ ಅಂಚಿನಿಂದ ಗೌಂಡಿಯ ತೂಕದ ಗುಂಡೊಂದು ದಾರದಲ್ಲಿ ಜೋತುಬಿದ್ದಿರುತ್ತಿತ್ತು, ಅದು ಇವತ್ತು. ದಿನಾ ಬೆಳಿಗ್ಗೆ ಅದನ್ನು ಒಂದು ಮೊಳೆ ಮುಂದಕ್ಕೆ ಸರಿಸುವ ಅಧಿಕಾರ ಆಕೆಗೊಬ್ಬಳಿಗೇ. ಕಪ್ಪು ನೂಲು ಗುಂಡಿನ ದಾರವನ್ನು ಮುಟ್ಟಿದ್ದರೆ ಕೆಲಸ ಸರಿಯಾಗಿದೆ, ಹಿಂದೆ ಉಳಿದಿದ್ದರೆ ತಡವಾಗಿದೆ. ಇದನ್ನು ತಿಳಿಯಲು ಅಕ್ಷರ ಬೇಕಿಲ್ಲ, ಕಣ್ಣಿದ್ದರೆ ಸಾಕು.

ಮೊದಲಿನ ಗುಮಾಸ್ತ ಹೋಗಿ ಪಂಢರಿನಾಥ ಬಂದ ಮೇಲೆ ಹಲಗೆಗೂ ಖಾತೆಗೂ ನಂಟು ಬೆಳೆಯಿತು. ಪಂಢರಿನಾಥ ತೆಳ್ಳಗಿನ, ಮಾತಿಗೆ ಮುಂಚೆ ಎಂಜಲು ನುಂಗುವ, ಬೆರಳ ತುದಿಯಲ್ಲಿ ಸದಾ ನೀಲಿ ಮಸಿಯಿರುವ ಮನುಷ್ಯ. ಅಕ್ಷರ ಮುತ್ತು ಪೋಣಿಸಿದ ಹಾಗೆ, ಎದೆ ಮಾತ್ರ ಗುಬ್ಬಚ್ಚಿಯದು. ಖಾಸಿಂಬಿ ಮೊದಲ ದಿನವೇ ಅವನ ಮೇಜಿನ ಮೇಲೊಂದು ತಗಡಿನ ಡಬ್ಬಿ ಇಟ್ಟಳು. ಹಲಗೆಯಲ್ಲಿ ಪ್ರತಿ ಜಮಖಾನಿಯ ಸಾಲಿನ ಕೊನೆಗೆ ಒಂದು ಬಿಲ್ಲೆ ತೂಗಿರುತ್ತದೆ, ಬಿಲ್ಲೆಯ ಮೇಲೆ ಆ ಮಗ್ಗದ ಗುರುತು. ಜಮಖಾನಿ ಮಗ್ಗದಿಂದ ಇಳಿದು ಗೋದಾಮಿಗೆ ಬಂದಾಗ ಬಿಲ್ಲೆ ಹಲಗೆಯಿಂದ ಡಬ್ಬಿಗೆ ಬೀಳುತ್ತದೆ. "ಬಿಲ್ಲೆ ಬಿದ್ದ ಸಪ್ಪಳ ಕೇಳಿದ ಮ್ಯಾಲೆ ಬರೀರಿ, ರಾಯರ. ಅದಕ್ಕಿಂತ ಮೊದಲ ಬರದ್ರ ನಿಮ್ಮ ಬೆರಳು ನನ್ನ ಸುತ್ತಗಿ." ಪಂಢರಿನಾಥ ಎಂಜಲು ನುಂಗಿ ಒಪ್ಪಿದ. ಆರು ವರ್ಷ ಸಂಘದ ಖಾತೆಯಲ್ಲಿ ಒಂದು ಅಂಕಿಯೂ ತಪ್ಪಲಿಲ್ಲ. ಎಷ್ಟು ನೂಲು ತರಿಸಬೇಕು, ಯಾವ ವಾರ ಎಷ್ಟು ಕೂಲಿ ಬೇಕು ಎಂಬುದನ್ನು ಅವನು ಹಲಗೆಯ ಕಡೆ ಒಮ್ಮೆ ಕತ್ತು ತಿರುಗಿಸಿ ಹೇಳುತ್ತಿದ್ದ. ಲೆಕ್ಕ ತಪಾಸಣೆಗೆ ಬಂದವರು ಹೊಗಳಿದ್ದು ಖಾತೆಯನ್ನು. ಹಲಗೆಯ ಕಡೆ ಅವರು ನೋಡಲೇ ಇಲ್ಲ.

ದೊಡ್ಡವರಿಗೆ ಹಲಗೆಯ ಮೇಲೆ ಸಿಟ್ಟು ಬರುವುದಕ್ಕೆ ಕಾರಣ ಬೇರೆಯೇ ಇತ್ತು. ಅಧಿಕಾರಿಯೊಬ್ಬರ ಹೆಂಡತಿ ಬಂದು, ತನ್ನ ಜಮಖಾನಿ ಬರುವ ಸೋಮವಾರಕ್ಕೇ ಬೇಕು, ಬೇರೆಯವರದನ್ನು ಹಿಂದೆ ಹಾಕಿ ಎಂದಾಗ, ಖಾಸಿಂಬಿ ಆಕೆಯ ಕೈಗೆ ಗುಂಡಿನ ದಾರ ಕೊಟ್ಟಳು. "ತಗೋರಿ ಬಾಯಾರ, ನೀವ ಸರಿಸ್ರಿ. ನಿಮ್ಮ ಮಾತಿಗಿ ದಿನಾ ಸರೀತಾವೇನು ನೋಡೂಣು." ಆ ಬಾಯಿ ಮುಖ ಕೆಂಪಗೆ ಮಾಡಿಕೊಂಡು ಹೋದರು, ಜಮಖಾನಿ ಅದರ ದಿನಕ್ಕೇ ಇಳಿಯಿತು.

ಆಕೆಯ ಸಿಟ್ಟು ಯಾವಾಗಲೂ ನ್ಯಾಯವಾಗಿಯೇ ಇರುತ್ತಿತ್ತೆಂದು ನಾನು ಬರೆದರೆ ಅದೂ ಬಿಲ್ಲೆಯಿಲ್ಲದೆ ಬರೆದ ಖಾತೆಯಾದೀತು. ಒಮ್ಮೆ ರೇಷ್ಮಾಬಿಯ ಸಾಲಿನಲ್ಲಿ ಕಪ್ಪು ನೂಲು ಎಂಟು ಮೊಳೆ ಹಿಂದೆ ಉಳಿಯಿತು. ಗಂಡ ಲಾರಿಯ ಮೇಲೆ ಊರೂರು ತಿರುಗುತ್ತಿದ್ದ, ಮನೆಯಲ್ಲಿ ಮುದಿ ಅತ್ತೆಯ ಹೊರತು ಯಾರೂ ಇಲ್ಲದ ಎಳೆಯ ಹೆಂಗಸು ಈ ರೇಷ್ಮಾಬಿ. ಮಗ್ಗದ ಕೂಲಿಯೇ ಆ ಮನೆಯ ಒಲೆ. ಖಾಸಿಂಬಿ ಅವಳ ಹೊಸ್ತಿಲಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಮೈಗಳ್ಳಿ ಎಂದು ಬೈದಳು. ರೇಷ್ಮಾಬಿ ಎದ್ದು ಮಗ್ಗಕ್ಕೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಹಾಸಿನ ಮೇಲೆಯೇ ಕುಸಿದು ಬಿದ್ದಳು. ಒಂದು ವಾರದಿಂದ ಅವಳಿಗೆ ಜ್ವರವಿತ್ತು. ಅವಳನ್ನು ಎತ್ತಿ ದವಾಖಾನೆಗೆ ಒಯ್ದವಳು ಖಾಸಿಂಬಿಯೇ, ಐದು ದಿನ ಹಾಸಿಗೆಯ ಬದಿಗೆ ಕೂತವಳೂ ಅವಳೇ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಆರನೆಯ ದಿನ ಹಲಗೆಯ ಮೇಲೆ ಮೊದಲ ಬಾರಿಗೆ ಹಸಿರು ನೂಲು ಬಂತು: ಈ ಮಗ್ಗಕ್ಕೆ ಈಗ ವಿಶ್ರಾಂತಿ, ಯಾರೂ ಕೇಳಕೂಡದು. ತನ್ನ ಸಿಟ್ಟಿನ ಪ್ರಾಯಶ್ಚಿತ್ತವನ್ನೂ ಆಕೆ ಕೈಯಿಂದಲೇ ತೋರಿಸಿದ್ದಳು.

ಎಂಬತ್ತಾರರ ಶ್ರಾವಣದಲ್ಲಿ ಸಂಘದ ಚೇರಮನ್ನರಾದ ಈರಬಸಪ್ಪ ಸಾಹುಕಾರರು ಕಾಗದವೊಂದನ್ನು ಹಿಡಿದು ಬಂದರು. ಹತ್ತಿ ವ್ಯಾಪಾರದವರು, ಇಸ್ತ್ರಿಯ ಧೋತರ, ಬೆಣ್ಣೆಯಂಥ ಮಾತು. ಅವರು ಧ್ವನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಏರಿಸುವ ಅಗತ್ಯವೇ ಅವರಿಗೆ ಬೀಳುತ್ತಿರಲಿಲ್ಲ.

"ಅವ್ವಾ ಖಾಸಿಂಬಿ, ಬೆಂಗಳೂರಿನ ದೊಡ್ಡ ಅತಿಥಿಗೃಹದಾವ್ರು ನಲವತ್ತು ಜಮಖಾನಿ ಕೇಳ್ಯಾರ. ನಲವತ್ತು ದಿನದಾಗ ಕೊಡತೀವಿ ಅಂತ ಬರದು ಕಳಿಸೀನಿ. ಹನ್ನೆರಡು ಮಗ್ಗ, ಹತ್ತು ದಿನಕ್ಕೊಂದು, ನಲವತ್ತೆಂಟಾಕ್ಕಾವ. ಇನ್ನೂ ಎಂಟು ಮಿಗತಾವ."

"ಕೇಳಿ ಬರದೀರೋ, ಬರದು ಕೇಳಾಕ ಬಂದೀರೋ?"

"ಅದಕ್ಯಾಕ ಸಿಟ್ಟು? ಚೌತಿಯ ಒಂದು ದಿನ ಬಿಟ್ಟ ಎಣಿಸೀನಿ."

ತಪ್ಪು ಅಲ್ಲಿತ್ತು. ಆ ವರ್ಷ ಗಣಪತಿಯೂ ಮೊಹರಮ್ಮೂ ಒಂದೇ ವಾರಕ್ಕೆ ಬಂದಿದ್ದವು. ಆ ಓಣಿಯ ಮಗ್ಗಗಳದೊಂದು ರೂಢಿ: ಮೊಹರಮ್ಮಿನ ಚಂದ್ರ ಕಂಡಂದಿನಿಂದ ಹತ್ತು ದಿನ ಹೊಸ ಹಾಸು ಏರಿಸುವುದಿಲ್ಲ, ಏರಿದ್ದನ್ನು ಮುಗಿಸಬಹುದು, ಹೊಸದಕ್ಕೆ ತೊಡಗುವಂತಿಲ್ಲ. ಮೊಹರಮ್ ವರ್ಷ ವರ್ಷ ಹಿಂದಕ್ಕೆ ಸರಿಯುವುದರಿಂದ ಗೋಡೆಯ ಕ್ಯಾಲೆಂಡರು ನೋಡಿ ಎಣಿಸುವವರಿಗೆ ಅದು ನೆನಪಿರುವುದಿಲ್ಲ. ಖಾಸಿಂಬಿಯ ಹಲಗೆಗೆ ನೆನಪಿತ್ತು. ಹತ್ತು ಮೊಳೆಗಳ ಮೇಲೆ ಹಳೆಯ ಚಾದರದ ಪಟ್ಟಿಯೊಂದು ಮೇಲಿಂದ ಕೆಳಗಿನವರೆಗೆ ಇಳಿದಿತ್ತು. ಆಕೆ ಸಾಹುಕಾರರನ್ನು ಹಲಗೆಯ ಮುಂದೆ ನಿಲ್ಲಿಸಿಕೊಂಡಳು.

"ಇಲ್ಲೆ ನೋಡ್ರಿ. ಐದು ದಿನ ಹಳೇ ಮಾಲು ಮಗ್ಗದ ಮ್ಯಾಲೈತಿ. ಇದು ರೇಷ್ಮಾಬಿ ಸಾಲು, ಮೊನ್ನಿ ಹಡದಾಳ, ನಲವತ್ತು ದಿನ ಹಸರು. ಇದು ಮೊಹರಮ್ ಪಟ್ಟಿ. ಉಳದದ್ದು ಹನ್ನೊಂದು ಮಗ್ಗ, ಪಟ್ಟಿಗಿಂತ ಮೊದಲ ಎರಡೆರಡು. ಇಪ್ಪತ್ತೆರಡು. ಪಟ್ಟಿ ಮುಗದ ಮ್ಯಾಲೆ ಉಳಿಯೂದು ಐದ ದಿನ. ಇಪ್ಪತ್ಮೂರನೇದು ಎಲ್ಲಿಂದ ಬರತೈತಿ? ಬಾಯಿಲೆ ಬ್ಯಾಡ ಸಾವ್ಕಾರ್ರ, ಕೈಲೆ ತೋರ್ಸ್ರಿ."

"ಹೆಂಗರ ಮಾಡಿ ಹೊಂದಿಸ್ಕೊಂಡ ಹೋಗೂಣವಾ," ಎಂದು ಸಾಹುಕಾರರು ನಕ್ಕು ಹೊರಟರು.

ಹೊಂದಿಸಿಕೊಂಡು ಹೋಗುವುದು! ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೊಂದಿಸಿಕೊಳ್ಳಬೇಕಾದವರು ಯಾವಾಗಲೂ ಒಂದೇ ಕಡೆಯವರು. ಸಾಹುಕಾರರ ತಾರೀಖು ಹೊಂದಿಸಿಕೊಳ್ಳುವುದಿಲ್ಲ, ಅವರ ಮಾತು ಹೊಂದಿಸಿಕೊಳ್ಳುವುದಿಲ್ಲ, ಅವರ ಮಾನ ಹೊಂದಿಸಿಕೊಳ್ಳುವುದಿಲ್ಲ. ಬಾಣಂತಿಯ ಬೆನ್ನು ಹೊಂದಿಸಿಕೊಳ್ಳಬೇಕು, ನೇಯುವವರ ಹಬ್ಬ ಹೊಂದಿಸಿಕೊಳ್ಳಬೇಕು. ಕೊನೆಗೆ ಯಾವುದೂ ಹೊಂದದಿದ್ದಾಗ ಖಾತೆ ಹೊಂದಿಸಿಕೊಳ್ಳಬೇಕು.

ಹಾಗೆಯೇ ಆಯಿತು. ಹೆಂಗಸರು ಬೆನ್ನು ಮುರಿದು ನೇಯ್ದರು. ಚಂದ್ರ ಕಾಣುವ ಹೊತ್ತಿಗೆ ಸರಿಯಾಗಿ ಇಪ್ಪತ್ತೆರಡು ಜಮಖಾನಿ ಇಳಿದವು, ಇಪ್ಪತ್ತೆರಡು ಬಿಲ್ಲೆ ಡಬ್ಬಿಗೆ ಬಿದ್ದವು. ಚೌತಿಯ ಮರುವಾರ ಬೆಂಗಳೂರಿನಿಂದ ಇನ್ನೊಂದು ಕಾಗದ ಬಂತು: ಸರಕು ಸಿದ್ಧವಿರುವ ಖಾತೆಯ ನಕಲು ಕಳಿಸಿದರೆ ಮುಕ್ಕಾಲು ಹಣ ಈಗಲೇ, ಇಲ್ಲದಿದ್ದರೆ ಬೇಡಿಕೆ ರದ್ದು. ಸಾಹುಕಾರರು ಪಂಢರಿನಾಥನ ಮೇಜಿನ ಬಳಿ ಕುರ್ಚಿ ಎಳೆದು ಕೂತು, ಎಲೆಅಡಿಕೆಯ ಚಂಚಿ ಬಿಚ್ಚಿ, ಮೆಲ್ಲಗೆ ಹೇಳಿದರು: ಲಾರಿ ಬರುವಷ್ಟರಲ್ಲಿ ಹೇಗೂ ಆಗಿಯೇ ಆಗುತ್ತವೆ, ಈಗ ನಲವತ್ತು ಎಂದು ಬರೆದುಬಿಡು. ಪಂಢರಿನಾಥ ಡಬ್ಬಿಯ ಕಡೆ ನೋಡಿದ. ಹಲಗೆಯ ಕಡೆ ನೋಡಿದ. ಅವನ ನೌಕರಿಯನ್ನು ವರ್ಷ ವರ್ಷ ಮುಂದುವರಿಸುವ ಸಹಿ ಸಾಹುಕಾರರದು. ಎಂಜಲು ನುಂಗಿ, ಮುತ್ತಿನಂಥ ಅಕ್ಷರಗಳಲ್ಲಿ ನಲವತ್ತನ್ನೂ ಹನ್ನೆರಡು ಮಗ್ಗಗಳಿಗೆ ಹಂಚಿ ಬರೆದ. ಕೆಲವರಿಗೆ ನಾಲ್ಕು, ಕೆಲವರಿಗೆ ಮೂರು. ರೇಷ್ಮಾಬಿಗೂ ಮೂರು.

ಸರಕು ನೋಡಲು ಬೆಂಗಳೂರಿನವರು ಇನ್ಸ್‌ಪೆಕ್ಟರೊಬ್ಬರನ್ನು ಕಳಿಸುತ್ತಾರೆಂಬ ಸುದ್ದಿ ಎರಡು ದಿನ ಮೊದಲು ತಿಳಿಯಿತು. ಅಂದು ಖಾಸಿಂಬಿ ಊರಲ್ಲಿರಲಿಲ್ಲ. ತಿರ್ಲಾಪುರದಲ್ಲಿ ಅಕ್ಕ ತೀರಿಕೊಂಡಿದ್ದಳು, ಮಣ್ಣಿಗೆ ಹೋಗಿದ್ದಳು. ಮರುದಿನ ಮಧ್ಯಾಹ್ನ ಬಸ್ಸಿಳಿದು ನೇರ ಗುಂಡು ಸರಿಸಲು ಸಂಘಕ್ಕೆ ಬಂದರೆ ಗೋಡೆ ಬೆಳ್ಳಗಿತ್ತು. ಸುಣ್ಣ ಇನ್ನೂ ಹಸಿಯಾಗಿತ್ತು. ಇನ್ಸ್‌ಪೆಕ್ಟರಿಗೆ ಗೋಡೆ ಚೆಂದ ಕಾಣಲೆಂದು ಸಾಹುಕಾರರು ಆ "ನೂಲಿನ ಗೋಜಲು" ತೆಗೆಸಿದ್ದರು. ಖಾಸಿಂಬಿ ಆ ಗೋಡೆಯ ಮುಂದೆ ನಿಂತಳು. ಬೈಯಲಿಲ್ಲ, ಕೂಗಲಿಲ್ಲ. ಅಕ್ಕನನ್ನು ಮಣ್ಣು ಮಾಡಿ ಬಂದ ಕಣ್ಣುಗಳು ಆಗ ಒದ್ದೆಯಾದವಂತೆ. ಮನೆಗೆ ಬಂದಾಗ ಅಂಗಳದಲ್ಲಿ ಬುಡನಸಾಬ ಕೂತಿದ್ದ, ಅವನ ಹಿಂದೆ ಗೋಡೆಗೊರಗಿ ಹಲಗೆ ನಿಂತಿತ್ತು. ತಿಪ್ಪೆಗೆ ಎಸೆದದ್ದನ್ನು ಅವನು ಕೈಗಾಡಿಯ ಮೇಲೆ ತಂದಿದ್ದ.

"ನೂಲಿನ ಮಾರಿ ಮ್ಯಾಗ ಮಾಡಿ ತಂದೀನಿ," ಎಂದ ಬುಡನಸಾಬ. "ಗುಂಡು ಹೋತು. ಒಂದ ಎಳೀನೂ ಹರದಿಲ್ಲ, ಒಂದ ಬಿಲ್ಲೇನೂ ಬಿದ್ದಿಲ್ಲ."

ಮೂವತ್ತು ವರ್ಷಗಳ ಸಂಸಾರದಲ್ಲಿ ಅವನು ಒಮ್ಮೆಲೆ ಆಡಿದ ಅತಿ ದೊಡ್ಡ ಮಾತು ಅದು.

ಇನ್ಸ್‌ಪೆಕ್ಟರು ಬಂದರು, ಖಾತೆ ನೋಡಿದರು, ಗೋದಾಮು ಎಣಿಸಿದರು. ಖಾತೆಯಲ್ಲಿ ನಲವತ್ತು, ಕಣ್ಣೆದುರು ಇಪ್ಪತ್ತೆರಡು. ಹದಿನೆಂಟು ಎಲ್ಲಿ? ಈರಬಸಪ್ಪನವರಿಗೆ ಆ ಕ್ಷಣ ಸತ್ಯ ಹೇಳಿ ಬಿಡುವ ಅವಕಾಶವಿತ್ತು; ತಾರೀಖು ತಪ್ಪಿ ಎಣಿಸಿದೆ ಎಂದಿದ್ದರೆ ಭೂಮಿ ಬಾಯಿ ಬಿಡುತ್ತಿರಲಿಲ್ಲ. ಆದರೆ ಮೆದುಮಾತಿನವರಿಗೆ ಸತ್ಯಕ್ಕಿಂತ ಸುಳ್ಳು ನಾಲಿಗೆಗೆ ನುಣುಪು. "ಗೋದಾಮು ಸೋರತಿತ್ತ್ರಿ ಸಾಹೇಬ್ರ. ತಯಾರಾದ ಮಾಲು ನೇಯೋರ ಮನ್ಯಾಗ ಇಡಿಸಿದ್ವಿ. ಬಡವ್ರು ಅಂತ ನಂಬಿದ್ವಿ. ಈಗ ಕೇಳಿದ್ರ ಇಲ್ಲ ಅಂತಾರ. ಹುಬ್ಬಳ್ಳ್ಯಾಗ ಮಾರ್ಕೊಂಡಿರಬೇಕು, ಏನ್ ಮಾಡೋದು," ಎಂದು ಅವರು ನಿಟ್ಟುಸಿರಿಟ್ಟರು. ಖಾತೆ ಓದಿದಾಗ ರೇಷ್ಮಾಬಿಯ ಹೆಸರೇ ಎದ್ದು ಕಂಡಿತು: ಮೂರು ಬರೆದಿದೆ, ಗೋದಾಮಿನಲ್ಲಿ ಅವಳ ಗುರುತಿನದು ಒಂದೂ ಇಲ್ಲ. ಸಂಜೆಯೊಳಗೆ ಮಾಲು ತೋರಿಸದಿದ್ದರೆ ಮೊದಲು ಅವಳ ಮನೆಯ ಮಗ್ಗ ಕಿತ್ತು ತರುವುದು, ಆಮೇಲೆ ಉಳಿದವರದು, ಆಮೇಲೆ ಪೊಲೀಸರು ಎಂದಾಯಿತು.

ಸುದ್ದಿ ಓಣಿಗೆ ತಲುಪಿದಾಗ ರೇಷ್ಮಾಬಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಅವಳ ಮಗ್ಗಕ್ಕೆ ನಲವತ್ತು ದಿನಗಳಿಂದ ಒಂದು ಎಳೆಯೂ ಏರಿರಲಿಲ್ಲ. ಬರಿಯ ಮರದ ಚೌಕಟ್ಟಿಗೆ ಕೂಸಿನ ಅರಿವೆಗಳನ್ನು ಒಣಹಾಕಿದ್ದಳು. "ಖಾಲಾ, ನಾ ಕಳ್ಳಿ ಏನು?" ಎಂದಷ್ಟೇ ಕೇಳಿದಳು. ಒಮ್ಮೆ ಇದೇ ಹೊಸ್ತಿಲಲ್ಲಿ ನಿಂತು ಅವಳನ್ನು ಮೈಗಳ್ಳಿ ಎಂದಿದ್ದ ಖಾಸಿಂಬಿ ಮನೆಗೆ ತಿರುಗಿ ಹೋಗಿ ಕೋಟು ತೊಟ್ಟಳು.

ಆ ದಿನ ನವಲಗುಂದದ ಬಜಾರದಲ್ಲಿದ್ದವರೆಲ್ಲ ಆ ಮೆರವಣಿಗೆಯನ್ನು ಕಂಡಿದ್ದಾರೆ. ಆರು ಹೆಂಗಸರು ತಲೆಯ ಮೇಲೆ ಸಿಂಬೆಯಿಟ್ಟು ಬಾಗಿಲೊಂದನ್ನು ಅಂಗಾತ ಹೊತ್ತಿದ್ದರು, ಉಳಿದವರು ಎರಡೂ ಬದಿಗೆ, ರೇಷ್ಮಾಬಿ ಕೂಸನ್ನು ಎದೆಗವಚಿ ಹಿಂದೆ, ಎಲ್ಲರ ಮುಂದೆ ಹಿಮ್ಮಡಿ ಗುದ್ದುತ್ತ ಖಾಕಿ ಕೋಟು. ಸಂಘದ ಬಿಳಿಯ ಗೋಡೆಗೆ ಹಲಗೆಯನ್ನು ಆನಿಸಿ ನಿಲ್ಲಿಸಿದರು.

"ಸಾಹೇಬ್ರ, ನನಗ ಓದಾಕ ಬರೂದಿಲ್ಲ," ಎಂದಳು ಖಾಸಿಂಬಿ. "ನಿಮಗ ನೋಡಾಕ ಬರತೈತಿಲ್ಲೋ?"

ಇನ್ಸ್‌ಪೆಕ್ಟರು ಮೊದಲು ನಕ್ಕರು. ಆಕೆ ಮೊಳೆ ಮೊಳೆಯಾಗಿ ತೋರಿಸುತ್ತ ಹೋದ ಹಾಗೆ ನಗು ನಿಂತಿತು. "ಹದಿನೆಂಟು ಬಿಲ್ಲೆ ಇನ್ನೂ ಇಲ್ಲೇ ಅದಾವ, ಎಣಸ್ರಿ. ಹನ್ನೊಂದಕ್ಕ ಕೆಂಪಿನ ಮ್ಯಾಲೆ ಕಪ್ಪು ನೂಲು ಅರ್ಧಾಕ್ಕ ನಿಂತೈ‌ತಿ, ಅವು ಮಗ್ಗದ ಮ್ಯಾಲೆ ಅದಾವ, ಹೋಗಿ ಗೇಣಿಲೆ ಅಳೀರಿ. ಏಳಕ್ಕ ನೂಲ ಎಳದಿಲ್ಲ, ಅವು ಇನ್ನೂ ಗೋದಾಮಿನ್ಯಾಗ ಏಳು ಗಂಟಾಗಿ ಕುಂತಾವ, ಹೋಗಿ ಬಿಚ್ಚ್ರಿ. ಈ ಸಾಲು ನೋಡ್ರಿ, ನಲವತ್ತೂ ಮೊಳಿ ಹಸರು. ಹಸೀ ಬಾಣಂತಿ ಮೂರು ಜಮಖಾನಿ ನೇಯ್ದು ಹುಬ್ಬಳ್ಳಿಗೆ ಮಾರಾಕ ಹೋಗಿದ್ಲೇನ್ರಿ ಸಾವ್ಕಾರ್ರ?"

ಗೋದಾಮಿನಿಂದ ಕೂಗು ಬಂತು: ನೂಲಿನ ಗಂಟು ಏಳೇ ಇದ್ದವು. ಈರಬಸಪ್ಪನವರು ಆಗಲೂ ಮೆಲ್ಲಗೇ ಮಾತಾಡಿದರು. "ಕಟ್ಟಗಿ ಮಾತು ಕೇಳತೀರೋ, ಖಾತೆ ಮಾತು ಕೇಳತೀರೋ ಸಾಹೇಬ್ರ? ಬರದದ್ದು ಬರದದ್ದ."

ಆಗ ಖಾಸಿಂಬಿ ಪಂಢರಿನಾಥನ ಕಡೆ ತಿರುಗಿದಳು. ಅಲ್ಲಿಯತನಕ ಅವನ ಕಡೆ ನೋಡಿಯೇ ಇರಲಿಲ್ಲ.

"ರಾಯರ, ನಲವತ್ತು ಬರದೀರಿ. ಡಬ್ಬ್ಯಾಗ ನಲವತ್ತು ಬಿಲ್ಲೆ ಅದಾವೇನು? ಬಾಯಿಲೆ ಬ್ಯಾಡ."

ಪಂಢರಿನಾಥ ಸಾಹುಕಾರರ ಮುಖ ನೋಡಿದ, ಕೂಸಿನ ಮುಖ ನೋಡಿದ. ಅವನ ಗಂಟಲಮಣಿ ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ಮಸಿ ಮೆತ್ತಿದ ಬೆರಳುಗಳಿಂದ ಡಬ್ಬಿಯ ಮುಚ್ಚಳ ತೆಗೆದು, ಅದನ್ನು ತೆರೆದ ಖಾತೆಯ ಮೇಲೆ ಬೋರಲು ಹಾಕಿದ. ಬಿಲ್ಲೆಗಳು ಉರುಳಿದವು. ಇನ್ಸ್‌ಪೆಕ್ಟರು ಒಂದೊಂದನ್ನೇ ಬದಿಗೆ ಸರಿಸಿ ಎಣಿಸಿದರು. ಇಪ್ಪತ್ತೆರಡು.

ಆಮೇಲೆ ಆದದ್ದು ನಮ್ಮ ಕಡೆ ಯಾವಾಗಲೂ ಆಗುವುದೇ. ಕಳವಿನ ಮಾತು ಬಿದ್ದುಹೋಯಿತು, ಮಗ್ಗಗಳು ಮನೆಗಳಲ್ಲೇ ಉಳಿದವು, ಹದಿನೆಂಟು ಜಮಖಾನಿಗಳು ಹಲಗೆ ಹೇಳಿದ ದಿನಕ್ಕೆ ಇಳಿದು ಬೆಂಗಳೂರಿಗೆ ಹೋದವು. ಈರಬಸಪ್ಪನವರು ಚೇರಮನ್ನರಾಗಿಯೇ ಉಳಿದರು; ಮುಂದಿನ ಯುಗಾದಿಗೆ ಯಾವುದೋ ಸಭೆಯಲ್ಲಿ ಅವರಿಗೆ ಶಾಲು ಕೂಡ ಹೊದಿಸಿದರು. ಛೀಮಾರಿ ಬಂದದ್ದು ಪಂಢರಿನಾಥನಿಗೆ. ಎಲ್ಲರೂ ಸೇರಿ ಹಲಗೆಯನ್ನು ಮತ್ತೆ ಗೋಡೆಗೆ ಬಡಿಯೋಣವೆಂದಾಗ ಖಾಸಿಂಬಿ ಒಪ್ಪಲಿಲ್ಲ. "ನನ್ನ ಬಾಗಲಾ, ನನ್ನ ಮನಿಗೆ," ಎಂದು ಹೊತ್ತೊಯ್ದು ಬೀದಿಯ ಕಡೆಯ ಗೋಡೆಗೆ, ಕಟ್ಟೆಯ ಮೇಲೆ, ಹೋಗಿ ಬರುವವರೆಲ್ಲ ನೋಡುವಂತೆ ಬಡಿದಳು. ಹೊಸ ಗುಂಡು ತಂದು ತೂಗಿದಳು. ಇನ್ನು ಖಾತೆ ಬರೆಯಬೇಕಾದರೆ ಗುಮಾಸ್ತ ಅಲ್ಲಿಗೇ ಬರಬೇಕು. ಪಂಢರಿನಾಥ ಬಂದ. ದಿನಾ ಹತ್ತು ಗಂಟೆಗೆ ಖಾತೆಯನ್ನು ಕಂಕುಳಲ್ಲಿಟ್ಟು, ಡಬ್ಬಿಯನ್ನು ಕೈಯಲ್ಲಿ ಹಿಡಿದು, ಆ ಓಣಿಯ ಕಟ್ಟೆಯ ಮುಂದೆ ನಿಂತು ಬರೆದ. ಆಕೆ ಅವನೊಂದಿಗೆ ಒಂದು ವರ್ಷ ಮಾತಾಡಲಿಲ್ಲ. ಆದರೆ ಬೇಸಿಗೆ ಬಂದಾಗ ಕಟ್ಟೆಯ ಮೇಲೊಂದು ಹರಕು ಜಮಖಾನಿಯ ತುಂಡು ಹಾಸಿರುವುದು ಕಂಡಿತು, ಅವನು ಕೂತು ಬರೆಯತೊಡಗಿದ.

ಎಂಬತ್ತೊಂಬತ್ತರಲ್ಲಿ ಹುಬ್ಬಳ್ಳಿಯಿಂದ ಟೈ ಕಟ್ಟಿದ ಒಬ್ಬರು ಬಂದು, ಇನ್ನು ಲೆಕ್ಕವನ್ನೆಲ್ಲ ಕಂಪ್ಯೂಟರು ಮಾಡುತ್ತದೆ, ಯಾವ ಮಗ್ಗದಲ್ಲಿ ಎಷ್ಟು ಕೆಲಸವಾಗಿದೆ ಎಂಬುದನ್ನೂ ಅದೇ ಬಣ್ಣದ ಗೆರೆ ಎಳೆದು ತೋರಿಸುತ್ತದೆ, ಗೆರೆ ಮುಗಿದೊಡನೆ ಖಾತೆಯನ್ನೂ ತಾನೇ ಬರೆದುಕೊಳ್ಳುತ್ತದೆ ಎಂದು ಉತ್ಸಾಹದಿಂದ ವಿವರಿಸಿದರು. ಖಾಸಿಂಬಿ ಪೂರ್ತಿ ಕೇಳಿದಳು. ಯಂತ್ರದ ಮೇಲೆ ಆಕೆಗೆ ಸಿಟ್ಟು ಬಂದಂತೆ ಕಾಣಲಿಲ್ಲ. ತನ್ನ ಹಲಗೆಯ ತಮ್ಮನೊಬ್ಬ ಹುಟ್ಟಿದ್ದಾನೆಂಬಂತೆ ಒಂದೆರಡು ಪ್ರಶ್ನೆ ಕೇಳಿದಳು. ಕೊನೆಯದು ಇದು: "ಚಲೋ ಆತು. ರೇಷ್ಮಾಬಿಗೆ ಜ್ವರ ಬಂದದ್ದು ಅದಕ್ಕ ಯಾರ ಹೇಳತಾರ? ಸಾವ್ಕಾರ್ರೋ, ನಾನೋ?" ಟೈ ಕಟ್ಟಿದವರು ನಕ್ಕರು. ಆಕೆ ನಗಲಿಲ್ಲ, ಉತ್ತರಕ್ಕಾಗಿ ಕಾದಳು.

ಊರಿಗೊಬ್ಬರಂತೆ ಇಂಥವರು ಇರುತ್ತಾರೆ. ಅವರನ್ನು ನಾವು ಬಾಯಿ ಕೆಟ್ಟವರೆನ್ನುತ್ತೇವೆ, ಎದುರಿಗೆ ಕಂಡರೆ ದಾರಿ ಬದಲಿಸುತ್ತೇವೆ, ಮಕ್ಕಳ ಮದುವೆಗೆ ಕರೆಯುವಾಗ ಎರಡು ಸಲ ಯೋಚಿಸುತ್ತೇವೆ. ಅವರು ಕೇಳುವುದು ಬಹಳವೇನಲ್ಲ: ಬರೆದದ್ದು ಇದ್ದದ್ದರ ಹಿಂದೆ ಬರಲಿ, ಮುಂದೆ ಓಡದಿರಲಿ. ಇಷ್ಟು ಸಣ್ಣ ಮಾತನ್ನು ಶಾಂತವಾಗಿ ಹೇಳಿದರೆ ಕೇಳುವ ಜಗತ್ತು ಇದ್ದಿದ್ದರೆ ಅವರೂ ಶಾಂತವಾಗಿಯೇ ಹೇಳುತ್ತಿದ್ದರು. ನಾವು ನಮ್ಮ ಪಾಲಿನ ಸಿಟ್ಟನ್ನೂ ಅವರ ತಲೆಯ ಮೇಲೆ ಹೊರಿಸಿ, ಹೊಂದಿಸಿಕೊಂಡು, ಒಳ್ಳೆಯವರೆನಿಸಿಕೊಂಡು ಬದುಕುತ್ತೇವೆ. ಅಂಥವರ ಸಿಟ್ಟು ಒಂದು ದಿನ ತಣ್ಣಗಾಯಿತೆಂದರೆ ಹೆದರಬೇಕಾದವರು ಸಾಹುಕಾರರಲ್ಲ, ನಾವು.